ಸೇವೆಯೇ ಬದುಕಾದ ಉಮಾಬಾಯಿ ಕುಂದಾಪುರ

ಅನಗೋಳದಿಂದ ರೈಲ್ವೆ ಗೇಟು ದಾಟಿದರೆ ಟಿಳಕವಾಡಿ. ಅಲ್ಲಿಯ ಕಾಂಗ್ರೆಸ್ ಬಾವಿಯನ್ನೂ ವೀರಸೌಧವನ್ನೂ ನೋಡುತ್ತಲೇ ಬೆಳೆದವರು ನಾವು. 1924ರ ಡಿಸೆಂಬರ್ 26 ಮತ್ತು 27ರಂದು ಅಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ 39ನೆಯ ಅಧಿವೇಶನ ನಡೆಯಿತು. ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದು ತಮ್ಮ ಬದುಕಿನಲ್ಲಿ ಅದೊಂದೇ ಅಧಿವೇಶನಕ್ಕೆ. ಅಧಿವೇಶನದ ನೆಲೆಗೆ ವಿಜಯನಗರವೆಂದು ಹೆಸರಿಟ್ಟಿದ್ದರು. ಕರ್ನಾಟಕ ಸಿಂಹ ಗಂಗಾಧರರಾವ ದೇಶಪಾಂಡೆಯವರ ಕರ್ತೃತ್ವಶಕ್ತಿಯನ್ನು ಶಾಲೆಯ ಪಾಠಗಳಲ್ಲಿ ಓದಿದ್ದೇವೆ. ಬಾಲಕಿ ಗಂಗೂಬಾಯಿ ಹಾನಗಲ್ಲರು ಗಾಂಧೀಜಿಯವರ ಎದುರು ಹಾಡಿದ ಸಂಗತಿಯನ್ನೂ ಕೇಳಿದ್ದೇವೆ. ಆದರೆ ಅಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ದುಡಿದ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರ ಮಾತು ಬರುವುದು ಅಪರೂಪ. ಅವರನ್ನು ಊರೂರು ಅಲೆದು ಕೂಡಿಸಿ ತಂದವರು ಉಮಾಬಾಯಿ ಕುಂದಾಪುರ. ಶಾಲೆಯ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಆ ತಾಯಿಯ ಬದುಕನ್ನು ನೆನೆಯುವುದು ಉಚಿತವೆಂದು ಭಾವಿಸಿ ಈ ಬರಹ.

ಉಮಾಬಾಯಿಯವರು ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ತಂದೆ ಗೋಳಿಕೇರಿ ಕೃಷ್ಣರಾಯರು, ತಾಯಿ ಜುಂಗಾಬಾಯಿ. ತವರಿನಲ್ಲಿ ಅವರ ಹೆಸರು ಭವಾನಿ. ಆ ಕಾಲದ ಪದ್ಧತಿಯಂತೆ ಹದಿಮೂರನೆಯ ವಯಸ್ಸಿಗೇ ಮದುವೆಯಾಯಿತು. ವರ ಸಂಜೀವರಾವ್ ಕುಂದಾಪುರ. ಭವಾನಿ ಉಮಾಬಾಯಿಯಾಗಿ ಗಂಡನ ಮನೆ ಸೇರಿದರು.

ಹದಿಮೂರರ ಹುಡುಗಿಯ ಓದು ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತಿತ್ತು. ಉಮಾಬಾಯಿಯವರ ಬಾಳಿನಲ್ಲಿ ಹಾಗಾಗಲಿಲ್ಲ. ಮಾವ ಆನಂದರಾಯರು ಹೆಣ್ಣುಮಕ್ಕಳು ಕಲಿಯಬೇಕು, ಮುಂದೆ ಬರಬೇಕು ಎಂಬ ದೃಢ ನಿಲುವಿನವರು. ಸೊಸೆಯನ್ನು ಓದಿಗೆ ಹಚ್ಚಿದರು. ಮನೆಗೆಲಸದ ಜೊತೆಗೇ ಓದಿ ಉಮಾಬಾಯಿಯವರು ಮೆಟ್ರಿಕ್ ಪಾಸಾದರು. ಮುಂಬಯಿಯಲ್ಲಿದ್ದಾಗ ಗಾಮದೇವಿ ಭಾಗದ ಮಹಿಳಾ ಸಮಾಜದಲ್ಲಿ ಇತರ ಸ್ತ್ರೀಯರಿಗೆ ಕಲಿಸತೊಡಗಿದರು. 1920ರ ಆಗಸ್ಟಿನಲ್ಲಿ ಲೋಕಮಾನ್ಯ ಟಿಳಕರು ತೀರಿಕೊಂಡಾಗ ಮುಂಬಯಿಯಲ್ಲಿ ಸೇರಿದ ಜನಸಾಗರ ಅವರ ಮನಸ್ಸನ್ನು ದೇಶದ ಕೆಲಸದತ್ತ ತಿರುಗಿಸಿತು. ಖಾದಿ ಮೈಗೆ ಬಂತು.

ಅಷ್ಟರಲ್ಲಿ ಸಂಜೀವರಾಯರು ಕ್ಷಯರೋಗಕ್ಕೆ ತುತ್ತಾದರು. ಎಳೆಯ ವಯಸ್ಸಿನಲ್ಲೇ ಉಮಾಬಾಯಿಯವರಿಗೆ ವೈಧವ್ಯ ಬಂತು. ವಿಧವೆಯೆಂದರೆ ಮನೆಯ ಮೂಲೆಯಲ್ಲಿ ದಿನ ಕಳೆಯಬೇಕಾದವಳು, ನಾಲ್ಕು ಜನರ ಮುಂದೆ ಬರಬಾರದವಳು ಎಂಬ ಕಾಲವದು. ಮಗನನ್ನು ಕಳೆದುಕೊಂಡ ಆನಂದರಾಯರು ಸೊಸೆಯನ್ನು ಮೂಲೆಗೆ ತಳ್ಳಲಿಲ್ಲ. ಅವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದರು, ಅಲ್ಲಿ ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯ ನಡೆಸಿದರು. ಮಗಳಂತೆ ಕಂಡು, ಸಾರ್ವಜನಿಕ ಕೆಲಸಕ್ಕೆ ಬೆನ್ನೆಲುಬಾಗಿ ನಿಂತರು. ಉಮಾಬಾಯಿಯವರ ಮುಂದಿನ ಕೆಲಸಗಳಿಗೆಲ್ಲ ಈ ಮಾವನ ಆಸರೆಯೇ ಬುನಾದಿ.

ಹುಬ್ಬಳ್ಳಿಯಲ್ಲಿ ಆಗ ಡಾ. ನಾ. ಸು. ಹರ್ಡೀಕರರು ತರುಣರನ್ನು ಸಂಘಟಿಸುತ್ತಿದ್ದರು. ಅಮೆರಿಕೆಯಲ್ಲಿ ಓದಿ ಬಂದ ವೈದ್ಯರು ಅವರು. ಅವರು ಆರಂಭಿಸಿದ್ದ ತಿಲಕ ಕನ್ಯಾ ಶಾಲೆಯ ಹೊಣೆ ಉಮಾಬಾಯಿಯವರ ಹೆಗಲಿಗೆ ಬಂತು. 1923ರಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿದಾಗ ಅದರ ಮಹಿಳಾ ವಿಭಾಗಕ್ಕೂ ಅವರೇ ಮುಂದಾಳು. ಹೆಂಗಸರನ್ನು ಒಟ್ಟುಗೂಡಿಸಲು ಭಗಿನಿ ಮಂಡಳವನ್ನು ಸ್ಥಾಪಿಸಿದರು.

ಬೆಳಗಾವಿ ಅಧಿವೇಶನ ಗೊತ್ತಾದ ಮೇಲೆ ಹರ್ಡೀಕರರೂ ಉಮಾಬಾಯಿಯವರೂ ಕಾರ್ಯಕರ್ತರನ್ನು ಹುಡುಕಿಕೊಂಡು ನಾಡೆಲ್ಲ ಸುತ್ತಿದರು. ಗಂಡಸರನ್ನು ಕೂಡಿಸುವುದು ಒಂದು ಮಾತು. ಹೆಣ್ಣುಮಕ್ಕಳನ್ನು ಮನೆ ಬಿಡಿಸಿ, ಪರ ಊರಿಗೆ ಕರೆತಂದು, ಡೇರೆಗಳ ನಡುವೆ ಇರಿಸಿ ಕೆಲಸ ಮಾಡಿಸುವುದು ಬೇರೆಯೇ ಮಾತು. ಹಿರಿಯರನ್ನು ಒಪ್ಪಿಸಬೇಕು, ಜನರ ಆಡಿಕೆಗೆ ಕಿವಿಗೊಡದಿರಬೇಕು. ಹೀಗೆ ಬಂದ ನೂರೈವತ್ತಕ್ಕೂ ಹೆಚ್ಚು ಮಂದಿಯಲ್ಲಿ ವಿಧವೆಯರೂ ಇದ್ದರು. ಶುಭಕಾರ್ಯಕ್ಕೆ ಎದುರು ಬರಬಾರದೆಂದು ಊರು ದೂರವಿಟ್ಟಿದ್ದವರು ದೇಶದ ಅತಿ ದೊಡ್ಡ ಕಾರ್ಯದಲ್ಲಿ ಅತಿಥಿಗಳನ್ನು ಎದುರುಗೊಂಡರು. ಭಾಷಣ ಮಾಡಿದವರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಅಡುಗೆ, ಸ್ವಚ್ಛತೆಯಂಥ ಕೆಲಸಕ್ಕೆ ಕೈ ಹಾಕಿದ ಈ ಹೆಂಗಸರಲ್ಲಿ ಬಹುತೇಕರ ಹೆಸರು ಉಳಿದಿಲ್ಲ. ಉಮಾಬಾಯಿಯವರ ಹೆಸರು ಹೇಳಿದಾಗ ಅವರೆಲ್ಲರನ್ನೂ ನೆನೆದಂತೆ. ಕಮಲಾದೇವಿ ಚಟ್ಟೋಪಾಧ್ಯಾಯರಂಥ ನಾಯಕಿಯರ ಒಡನಾಟವೂ ಅವರಿಗೆ ಈ ದಿನಗಳಲ್ಲಿ ದೊರೆಯಿತು.

ಹೆಣ್ಣುಮಕ್ಕಳ ಶಾಲೆ ಕಟ್ಟಲು ಹೊರಟ ಇನ್ನೊಬ್ಬ ಮಹಿಳೆಯನ್ನು ಇಲ್ಲಿ ನೆನೆಯಬಹುದು. ಜಪಾನಿನ ತ್ಸುದಾ ಉಮೇಕೊ ಅವರು ಉಮಾಬಾಯಿಯವರಿಗಿಂತ 28 ವರ್ಷ ಹಿರಿಯರು. 1871ರಲ್ಲಿ ಜಪಾನ್ ಸರಕಾರ ಐವರು ಹುಡುಗಿಯರನ್ನು ಓದಲೆಂದು ಅಮೆರಿಕೆಗೆ ಕಳಿಸಿತು. ಆರು ವರ್ಷದ ಉಮೇಕೊ ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು. ಹನ್ನೊಂದು ವರ್ಷದ ಮೇಲೆ ತಿರುಗಿ ಬಂದಾಗ ಮಾತೃಭಾಷೆಯನ್ನೇ ಮತ್ತೆ ಕಲಿಯಬೇಕಾಯಿತು. 1900ರಲ್ಲಿ ಟೋಕಿಯೋದಲ್ಲಿ ಅವರು ಹತ್ತು ಜನ ವಿದ್ಯಾರ್ಥಿನಿಯರೊಂದಿಗೆ ಆರಂಭಿಸಿದ ಶಾಲೆ ಇಂದು ವಿಶ್ವವಿದ್ಯಾಲಯವಾಗಿದೆ. 2024ರಿಂದ ಆ ದೇಶದ ಐದು ಸಾವಿರ ಯೆನ್ ನೋಟಿನ ಮೇಲೆ ಅವರ ಚಿತ್ರವಿದೆ. ಉಮೇಕೊ ಅವರನ್ನು ಓದಲು ಕಳಿಸಿದ್ದು ಅವರ ಸರಕಾರ. ಉಮಾಬಾಯಿಯವರನ್ನು ಓದಿಸಿದ್ದು ಮಾವ. ನಮ್ಮ ನಾಡನ್ನಾಳುತ್ತಿದ್ದ ಸರಕಾರ ಅವರ ಶಾಲೆಯ ಗತಿ ಏನು ಮಾಡಿತೆಂಬುದು ಮುಂದಿನ ಸಂಗತಿ.

1932ರಲ್ಲಿ ಕಾನೂನುಭಂಗ ಚಳವಳಿಯ ಕಾವು ಏರಿತ್ತು. ಉಮಾಬಾಯಿಯವರನ್ನು ಬಂಧಿಸಿ ಪುಣೆಯ ಯರವಡಾ ಸೆರೆಮನೆಯಲ್ಲಿ ನಾಲ್ಕು ತಿಂಗಳು ಇರಿಸಿದರು. ಅವರು ಒಳಗಿರುವಾಗಲೇ ಹೊರಗೆ ಮಾವ ಆನಂದರಾಯರು ಕಣ್ಣುಮುಚ್ಚಿದರು. ತಂದೆಯ ಸ್ಥಾನದಲ್ಲಿದ್ದ ಹಿರಿಯರ ಕೊನೆಯ ದರ್ಶನವೂ ಆಗಲಿಲ್ಲ. ಅದೇ ಸೆರೆಮನೆಯಲ್ಲಿದ್ದ ಸರೋಜಿನಿ ನಾಯ್ಡು ಅವರು ಸಮಾಧಾನ ಹೇಳಿ ಸಂತೈಸಿದರು. ಬಿಡುಗಡೆಯಾಗಿ ಹುಬ್ಬಳ್ಳಿಗೆ ಬಂದು ನೋಡಿದರೆ ಮುದ್ರಣಾಲಯ ಜಪ್ತಿಯಾಗಿತ್ತು, ಭಗಿನಿ ಮಂಡಳ ಕಾನೂನುಬಾಹಿರವೆಂದು ಸಾರಲ್ಪಟ್ಟಿತ್ತು, ಕನ್ಯಾ ಶಾಲೆಗೆ ಸರಕಾರದ ಬೀಗಮುದ್ರೆ ಬಿದ್ದಿತ್ತು. ಗಂಡನಿಲ್ಲ, ಮಾವನಿಲ್ಲ, ಅನ್ನಕ್ಕೆ ದಾರಿಯಾಗಿದ್ದ ಪ್ರೆಸ್ಸೂ ಇಲ್ಲ, ಬದುಕಿಗೆ ಅರ್ಥ ಕೊಟ್ಟಿದ್ದ ಶಾಲೆಯೂ ಇಲ್ಲ.

ಅಂಥ ಹೊತ್ತಿನಲ್ಲಿ ಅವರು ಮಾಡಿದ ಕೆಲಸವನ್ನು ನೋಡಿದರೆ ಆ ಜೀವದ ಹಿರಿಮೆ ತಿಳಿಯುತ್ತದೆ. ಚಳವಳಿಯಲ್ಲಿ ಸೆರೆ ಸೇರಿ ಹೊರಬಂದ ಅನೇಕ ಹೆಂಗಸರಿಗೆ ಹೋಗಲು ನೆಲೆಯಿರಲಿಲ್ಲ. ಅಂಥವರಿಗೆ ಉಮಾಬಾಯಿಯವರ ಪುಟ್ಟ ಮನೆಯ ಬಾಗಿಲು ತೆರೆದಿತ್ತು. ಇದ್ದುದರಲ್ಲೇ ಉಣಬಡಿಸಿ ಆಸರೆ ಕೊಟ್ಟರು. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಸೇವಾದಳದ ಕಾರ್ಯಕರ್ತರೊಂದಿಗೆ ಅಲ್ಲಿಗೆ ಧಾವಿಸಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ಬಾಬು ರಾಜೇಂದ್ರ ಪ್ರಸಾದರು, ಆಚಾರ್ಯ ಕೃಪಲಾನಿಯವರು ಅಲ್ಲಿ ಪರಿಚಿತರಾದರು. 1942ರ ಚಲೇಜಾವ್ ಚಳವಳಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ಭೂಗತ ಕಾರ್ಯಕರ್ತರಿಗೆ ಅದೇ ಮನೆ ಅಡಗುದಾಣವಾಯಿತು. ಸಿಕ್ಕಿಬಿದ್ದರೆ ಮತ್ತೆ ಜೈಲೇ ಗತಿಯೆಂದು ಗೊತ್ತಿದ್ದೂ ಯಾರಿಗೂ ಇಲ್ಲವೆನ್ನಲಿಲ್ಲ.

1946ರಲ್ಲಿ ಗಾಂಧೀಜಿಯವರು ಅವರನ್ನು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಪ್ರತಿನಿಧಿಯಾಗಿ ನೇಮಿಸಿದರು. ಹಳ್ಳಿಯ ಹೆಂಗಸರು ಮತ್ತು ಮಕ್ಕಳ ಆರೋಗ್ಯ, ಶಿಕ್ಷಣಕ್ಕಾಗಿ ಗ್ರಾಮಸೇವಿಕೆಯರನ್ನು ತಯಾರು ಮಾಡುವ ಕೆಲಸವದು. ಹಣದ ಅಡಚಣೆ ಬಂದಾಗ ಮನೆ ಮನೆಗೆ ಹೋಗಿ ಕೈಯೊಡ್ಡಿದರು. ತಮಗಾಗಿ ಎಂದೂ ಕೈಯೊಡ್ಡದವರು ಪರರಿಗಾಗಿ ಹಿಂಜರಿಯಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಬೇಡಿದ್ದರೆ ಅಧಿಕಾರ, ಸ್ಥಾನಮಾನ ಸಿಗುತ್ತಿದ್ದವು. ಉಮಾಬಾಯಿಯವರು ರಾಜಕೀಯದಿಂದ ದೂರ ಉಳಿದರು. ಸ್ವಾತಂತ್ರ್ಯ ಯೋಧರಿಗೆ ಸಲ್ಲುವ ತಾಮ್ರಪತ್ರವನ್ನಾಗಲಿ ಪಿಂಚಣಿಯನ್ನಾಗಲಿ ಒಪ್ಪಿಕೊಳ್ಳಲಿಲ್ಲ. ಹುಬ್ಬಳ್ಳಿಯಲ್ಲಿ ಅವರಿದ್ದ ಚಿಕ್ಕ ಮನೆಯ ಹೆಸರು ಆನಂದ ಸ್ಮೃತಿ. ಓದಿಸಿದ ಮಾವನ ಹೆಸರನ್ನೇ ಮನೆಗಿಟ್ಟು ಅಲ್ಲಿಯೇ ಬಾಳಿದರು. 1992ರಲ್ಲಿ, ನೂರು ವರ್ಷದ ತುಂಬುಜೀವನ ಮುಗಿಸಿ ಕಾಲವಾದರು.

ನಮ್ಮದು ಸರಕಾರಿ ಪ್ರೌಢಶಾಲೆ. ಸರಕಾರಿ ಶಾಲೆಯೆಂದರೆ ಬೇರೆಡೆ ಸೀಟು ಸಿಗದವರು ಬರುವ ಜಾಗವೆಂದು ಕೆಲವರು ಹಗುರವಾಗಿ ಆಡುವುದುಂಟು. ಉಮಾಬಾಯಿಯವರ ಕಾಲದ ಸರಕಾರ ಹೆಣ್ಣುಮಕ್ಕಳ ಶಾಲೆಗೆ ಬೀಗ ಹಾಕಿತ್ತು. ಇಂದಿನ ಸರಕಾರ ಶಾಲೆಯ ಬಾಗಿಲು ತೆರೆದು, ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಕೊಟ್ಟು ಬನ್ನಿರೆಂದು ಕರೆಯುತ್ತದೆ. ಈ ಬದಲಾವಣೆ ತಾನಾಗಿ ಬಂದುದಲ್ಲ. ಜೈಲು ಕಂಡು, ಮನೆಮಾರು ಕಳೆದುಕೊಂಡು, ಗೇಟಿನಾಚೆಯ ಟಿಳಕವಾಡಿಯ ನೆಲದಲ್ಲಿ ಬೆವರು ಸುರಿಸಿ ಹೋದವರ ದುಡಿಮೆ ಇದರ ಹಿಂದಿದೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ಒಂದು ವಿನಂತಿ. ಹತ್ತನೆಯ ಇಯತ್ತೆ ಮುಗಿಯುವ ಮೊದಲೇ ಓದು ಬಿಡಿಸಬೇಕೆಂಬ ಮಾತು ಯಾವ ಮನೆಯಲ್ಲಾದರೂ ಕಿವಿಗೆ ಬಿದ್ದರೆ, ಸೊಸೆಯನ್ನು ಮೆಟ್ರಿಕ್ ಓದಿಸಿದ ಆನಂದರಾಯರ ಕಥೆಯನ್ನು ಆ ಮನೆಯ ಹಿರಿಯರಿಗೆ ಹೇಳಿರಿ. ಒಬ್ಬ ಹುಡುಗಿ ಶಾಲೆಯಲ್ಲಿ ಉಳಿದರೂ ಉಮಾಬಾಯಿಯವರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಅದೇ ಆದೀತು.