ಹಳ್ಳಿಯ ಮಕ್ಕಳಿಗೆ ಹೂವಿನ ಪಾಠ ಹೇಳಿದ ಹೆನ್ಸ್‌ಲೋ

ಚಾರ್ಲ್ಸ್ ಡಾರ್ವಿನ್ ಅವರ ಗುರುವೆಂದು ವಿಜ್ಞಾನದ ಇತಿಹಾಸದಲ್ಲಿ ಹೆಸರಾದವರು ಜಾನ್ ಸ್ಟೀವನ್ಸ್ ಹೆನ್ಸ್‌ಲೋ. 1831ರಲ್ಲಿ ಬೀಗಲ್ ಹಡಗಿನ ಯಾನಕ್ಕೆ ತಮ್ಮ ಶಿಷ್ಯನ ಹೆಸರನ್ನು ಸೂಚಿಸಿದವರು ಅವರೇ. ಆದರೆ ಕೂಲಿಕಾರರ ಮಕ್ಕಳ ಕೈಗೆ ಹೂವನ್ನಿತ್ತು ಸಸ್ಯಶಾಸ್ತ್ರ ಕಲಿಸಿದ ಅವರ ಮತ್ತೊಂದು ಸಾಧನೆ ಅಷ್ಟಾಗಿ ಬೆಳಕಿಗೆ ಬರಲಿಲ್ಲ.

1796ರ ಫೆಬ್ರವರಿ 6ರಂದು ಇಂಗ್ಲೆಂಡಿನ ರಾಚೆಸ್ಟರ್‌ನಲ್ಲಿ ಜನಿಸಿದ ಹೆನ್ಸ್‌ಲೋ, ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಕೇಂಬ್ರಿಜ್‌ನಲ್ಲಿಯೇ 1822ರಲ್ಲಿ ಖನಿಜಶಾಸ್ತ್ರದ, 1825ರಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅವರ ತರಗತಿಯಲ್ಲಿ ವಿದ್ಯಾರ್ಥಿಗಳು ಉಪನ್ಯಾಸ ಕೇಳಿ ಸುಮ್ಮನಾಗುವಂತಿರಲಿಲ್ಲ. ಎದುರಿಗಿದ್ದ ಹಸಿ ಗಿಡವನ್ನು ಬಿಡಿಸಿ ಪರೀಕ್ಷಿಸಬೇಕಿತ್ತು. ಗುರುಗಳೊಡನೆ ಹೊಲ, ಜೌಗು ನೆಲಗಳನ್ನು ಸುತ್ತಬೇಕಿತ್ತು. ಡಾರ್ವಿನ್ ಪಳಗಿದ್ದು ಈ ಗರಡಿಯಲ್ಲಿ.

1837ರಲ್ಲಿ ಸಫೋಕ್ ಪ್ರಾಂತ್ಯದ ಹಿಚಮ್ ಗ್ರಾಮದ ಧರ್ಮಗುರುವಾಗಿ ನೇಮಕಗೊಂಡ ಹೆನ್ಸ್‌ಲೋ, 1839ರಲ್ಲಿ ಅಲ್ಲಿಯೇ ನೆಲೆಸಿದರು. ಬಡತನ, ನಿರುದ್ಯೋಗ ಹಾಗೂ ಅನಕ್ಷರತೆ ಊರನ್ನು ಕಾಡುತ್ತಿದ್ದವು. ಮಕ್ಕಳು ಚಿಕ್ಕಂದಿನಲ್ಲೇ ಹೊಲದ ದುಡಿಮೆಗೆ ಹೋಗುತ್ತಿದ್ದರು. ಹೆನ್ಸ್‌ಲೋ ಬಹುಪಾಲು ಸ್ವಂತ ಹಣದಿಂದಲೇ ಶಾಲೆ ತೆರೆದರು. ಕೂಲಿಕಾರರು ಸ್ವಂತಕ್ಕೆ ಬೆಳೆದುಕೊಳ್ಳಲು ತುಂಡು ಭೂಮಿ ದೊರಕಿಸಲು ಮುಂದಾದಾಗ ಸ್ಥಳೀಯ ದೊಡ್ಡ ರೈತರು ವಿರೋಧಿಸಿದರು. ಆದರೂ ಅವರು ಹಿಂಜರಿಯಲಿಲ್ಲ.

1850ರ ದಶಕದಲ್ಲಿ ಅದೇ ಶಾಲೆಯಲ್ಲಿ ಅವರು ಸಸ್ಯಶಾಸ್ತ್ರದ ಪಾಠ ಆರಂಭಿಸಿದರು. ಅದು ಕಡ್ಡಾಯವಾಗಿರಲಿಲ್ಲ. ಸೇರಬಯಸುವ ಮಗು ಮೊದಲು ದ್ವಿದಳ, ಏಕದಳ ಸಸ್ಯಗಳ ಶಾಸ್ತ್ರೀಯ ಹೆಸರುಗಳಂಥ ಕಠಿಣ ಪದಗಳ ಕಾಗುಣಿತ ಕಲಿಯಬೇಕಿತ್ತು. ಬಳಿಕ ಪುಸ್ತಕ ಬದಿಗೆ ಸರಿದು ಹೂವು ಕೈಗೆ ಬರುತ್ತಿತ್ತು. ಹೂವನ್ನು ಬಿಡಿಸಿ ಪುಷ್ಪಪತ್ರ, ದಳ, ಕೇಸರ, ಶಲಾಕೆಗಳನ್ನು ಬೇರ್ಪಡಿಸುವುದು, ಎಣಿಸುವುದು, ಅವು ಒಂದಕ್ಕೊಂದು ಕೂಡಿವೆಯೇ ಬಿಡಿಯಾಗಿವೆಯೇ ಎಂದು ಪಟ್ಟಿಯಲ್ಲಿ ದಾಖಲಿಸುವುದು, ಅದರಿಂದ ಗಿಡದ ಕುಟುಂಬವನ್ನು ನಿರ್ಣಯಿಸುವುದು ಮಕ್ಕಳ ಕೆಲಸ. ಸುತ್ತಲಿನ ಬೇಲಿ, ಬಯಲುಗಳಿಂದ ಸಸ್ಯಗಳನ್ನು ಹುಡುಕಿ ತರುವವರೂ ಅವರೇ.

ಈ ಮಕ್ಕಳನ್ನು ಸಸ್ಯವಿಜ್ಞಾನಿಗಳನ್ನಾಗಿಸುವುದು ಹೆನ್ಸ್‌ಲೋ ಅವರ ಗುರಿಯಾಗಿರಲಿಲ್ಲ. ಕಣ್ಣಾರೆ ಕಂಡದ್ದನ್ನು ಸರಿಯಾಗಿ ಗುರುತಿಸಿ, ಅದರಿಂದ ತರ್ಕಬದ್ಧ ತೀರ್ಮಾನಕ್ಕೆ ಬರುವ ಶಕ್ತಿ ಬಡವರ ಮಕ್ಕಳಿಗೂ ದಕ್ಕಬೇಕೆಂಬುದು ಅವರ ಆಶಯ. 1855ರಲ್ಲಿ ತಮ್ಮ ಪ್ರಯೋಗಗಳಿಗೆ ಕಾಡುಗಿಡಗಳ ಬೀಜ ಬೇಕಾದಾಗ ಡಾರ್ವಿನ್ ಮೊರೆಹೊಕ್ಕದ್ದು ಹಿಚಮ್‌ನ ಬಾಲಕಿಯರನ್ನೇ. ಅವರ ಶ್ರಮಕ್ಕೆ ಹಣ ಕೊಡಲೂ ಅವರು ಮುಂದಾದರು.

1857ರಲ್ಲಿ ಹೆನ್ಸ್‌ಲೋ ಸಿದ್ಧಪಡಿಸಿದ ಸಸ್ಯಶಾಸ್ತ್ರದ ಗೋಡೆಚಿತ್ರಗಳು ಪ್ರಕಟವಾದವು. 1861ರ ಮೇ 16ರಂದು ಅವರು ಹಿಚಮ್‌ನಲ್ಲಿ ನಿಧನರಾದಾಗ ಶಾಲಾ ಪಠ್ಯವೊಂದರ ಹಸ್ತಪ್ರತಿ ಅಪೂರ್ಣವಾಗಿ ಉಳಿದಿತ್ತು. ಅದನ್ನು ಆಧರಿಸಿ ಡೇನಿಯಲ್ ಆಲಿವರ್ 1864ರಲ್ಲಿ ಸಸ್ಯಶಾಸ್ತ್ರದ ಪ್ರಾಥಮಿಕ ಪಾಠಗಳ ಪುಸ್ತಕ ಹೊರತಂದರು. ಹೀಗೆ ಹಿಚಮ್‌ನ ಮಕ್ಕಳು ಕಲಿತ ಕ್ರಮ ಊರ ಗಡಿ ದಾಟಿ ಇತರ ಶಾಲೆಗಳನ್ನೂ ಮುಟ್ಟಿತು.