ಅಟ್ಟಣೆ ಮೇಲೆ ರಾತ್ರಿ ಕಳೆದ ಬೆಂಗಳೂರಿನ ದೊರೆ: ಬೇಟೆಗಾರ ಕೆನೆತ್ ಆಂಡರ್ಸನ್ ಜಿಂಕೆಗಾಗಿ ಮರುಗಿದ್ದೇಕೆ?

ಮಾಗಡಿ, ರಾಮನಗರ, ಕನಕಪುರ ಕಡೆಯವರಿಗೆ ಚಿರತೆ ಹೊಸದೇನಲ್ಲ. ಕೊಟ್ಟಿಗೆಯಿಂದ ಮೇಕೆ ಹೋಯ್ತು, ಮನೆ ಮುಂದಿನ ನಾಯಿ ಹೋಯ್ತು ಅನ್ನೋ ಸುದ್ದಿ ಈಗಲೂ ಬರ್ತಾನೇ ಇರುತ್ತೆ. ಈಗಾದ್ರೆ ಅರಣ್ಯ ಇಲಾಖೆಯವರು ಬೋನು ತಂದು ಇಡ್ತಾರೆ. ಎಪ್ಪತ್ತು, ಎಂಬತ್ತು ವರ್ಷದ ಹಿಂದೆ ಇದೇ ಊರುಗಳಿಗೆ ಬೆಂಗಳೂರಿನಿಂದ ಒಬ್ಬ ದೊರೆ ರೈಫಲ್ ಹಿಡಿದು ಬರುತ್ತಿದ್ದರು. ಮರದ ಮೇಲೆ ಅಟ್ಟಣೆ ಕಟ್ಟಿಸಿ ರಾತ್ರಿಯಿಡೀ ಕೂರುತ್ತಿದ್ದರು. ಅವರೇ ಕೆನೆತ್ ಆಂಡರ್ಸನ್.

ಹುಟ್ಟಿದ್ದು 1910ರಲ್ಲಿ, ಹೈದರಾಬಾದ್ ಹತ್ತಿರದ ಬೊಳಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಮನೆತನವಾದರೂ ತಲೆತಲಾಂತರದಿಂದ ಇಂಡಿಯಾದಲ್ಲೇ ನೆಲೆಸಿದವರು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ. ಅಂಚೆ ತಂತಿ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಇಂದಿನ ಎಚ್‌ಎಎಲ್ ಆಗಿರುವ ವಿಮಾನ ಕಾರ್ಖಾನೆ ಸೇರಿದರು. ಅಂದರೆ ಬೇಟೆ ಅವರ ಹೊಟ್ಟೆಪಾಡಲ್ಲ. ರಜೆ ಸಿಕ್ಕಿದಾಗ ಕಾರು ಹತ್ತಿ ಕಾಡಿಗೆ ಹೊರಡುತ್ತಿದ್ದ ನೌಕರಸ್ಥರು ಅವರು. ಹಳ್ಳಿಯವರ ಜೊತೆ ಅವರದೇ ಮಾತಿನಲ್ಲಿ ಕಷ್ಟಸುಖ ಕೇಳುತ್ತಿದ್ದರು.

ಅಟ್ಟಣೆ ಕೂರೋದು ಸುಲಭವಲ್ಲ

ಅಟ್ಟಣೆ ಅಂದರೆ ಮರದ ಕೊಂಬೆಗಳ ನಡುವೆ ಕಟ್ಟಿದ ಮಂಚಿಕೆ. ಆಂಡರ್ಸನ್ ಹಗುರವಾದ ಮಂಚದಂಥದ್ದನ್ನು ಜೊತೆಗೇ ಒಯ್ಯುತ್ತಿದ್ದರು. ಅದನ್ನು ಕೊಂಬೆಗೆ ಬಿಗಿದು, ಸುತ್ತ ಸೊಪ್ಪು ಕಟ್ಟಿ ಮರೆ ಮಾಡಿದರೆ ಅಟ್ಟಣೆ ಸಿದ್ಧ. ಸೊಪ್ಪು ಅದೇ ಮರದ್ದಾಗಿರಬೇಕು. ಬೇರೆ ಮರದ್ದಾದರೆ ಪ್ರಾಣಿಗೆ ಅನುಮಾನ ಬರುತ್ತೆ.

ಹುಲಿ, ಚಿರತೆಗೆ ಮೂಗಿಗಿಂತ ಕಣ್ಣು, ಕಿವಿ ಚುರುಕು. ಹಾಗಾಗಿ ಅವಕ್ಕೆ ಕಾಯುವವನು ಅಲುಗಾಡುವಂತಿಲ್ಲ, ಕೆಮ್ಮುವಂತಿಲ್ಲ, ಬೀಡಿ ಸೇದುವಂತಿಲ್ಲ. ಸೊಳ್ಳೆ ಕಚ್ಚಿದರೂ ಹೊಡೆಯೋ ಹಾಗಿಲ್ಲ. ಜಿಂಕೆ, ಕಡವೆಗಳ ಲೆಕ್ಕ ಬೇರೆ. ಅವುಗಳ ಮೂಗು ಬಲು ಚುರುಕು. ನೆಲದಲ್ಲಿ ಕೂತ ಮನುಷ್ಯನ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ಮಾಯ. ಮರದ ಮೇಲೆ ಕೂತರೆ ಆ ವಾಸನೆ ತಲೆ ಮೇಲಿಂದ ಹಾದುಹೋಗುತ್ತೆ. ಜಿಂಕೆ ಹೊಡೆಯುವವರೂ ಮರ ಹತ್ತುತ್ತಿದ್ದದ್ದು ಇದಕ್ಕೇ.

ಆಂಡರ್ಸನ್ ಅವರಿಗೆ ಈ ಜಿಂಕೆ, ಕಡವೆಗಳೇ ಕಾವಲುಗಾರರು. ಕತ್ತಲಲ್ಲಿ ದೂರದಿಂದ ಕಡವೆ ಕೂಗಿತು ಅಂದರೆ ಹುಲಿ ಹೊರಟಿದೆ ಅಂತ ಅರ್ಥ. ಆ ಕೂಗು ಯಾವ ಕಡೆಯಿಂದ ಹತ್ತಿರ ಬರ್ತಿದೆ ಅಂತ ಕಿವಿಗೊಟ್ಟು ಕೇಳಿದರೆ ಹುಲಿಯ ದಾರಿ ಗೊತ್ತಾಗುತ್ತಿತ್ತು. ಆಮೇಲೆ .405 ವಿಂಚೆಸ್ಟರ್ ರೈಫಲ್, ಅದರ ನಳಿಗೆಗೆ ಸಿಕ್ಕಿಸಿದ ಟಾರ್ಚ್, ಒಂದೇ ಒಂದು ಕ್ಷಣ.

1939ರಿಂದ 1966ರವರೆಗೆ ಸರ್ಕಾರಿ ದಾಖಲೆಯಲ್ಲಿ ಅವರು ಹೊಡೆದ ನರಭಕ್ಷಕಗಳು 8 ಚಿರತೆ, 7 ಹುಲಿ. ಹೊಸದುರ್ಗ, ಹೊಳಲ್ಕೆರೆ, ಎಮ್ಮೆದೊಡ್ಡಿ, ಜವಳಗಿರಿ, ಗುಮ್ಮಳಾಪುರ ಹೀಗೆ ಅವರ ಕಥೆಗಳ ಊರುಗಳೆಲ್ಲ ನಮ್ಮ ಸುತ್ತಮುತ್ತಲಿನವೇ. ಗುಮ್ಮಳಾಪುರದ ಚಿರತೆಯೊಂದೇ 42 ಜನರನ್ನು ಕೊಂದಿತ್ತು ಅಂತ ಅವರು ಬರೆದಿದ್ದಾರೆ. ಕತ್ತಲಾದ ಮೇಲೆ ಜನ ಬಾಗಿಲು ತೆರೆಯಲೂ ಹೆದರುತ್ತಿದ್ದ ಕಾಲ ಅದು.

ಗುಂಡಿಯಲ್ಲಿ ಸಿಕ್ಕ ಗೆಳೆಯ

ಆಂಡರ್ಸನ್‌ಗೆ ಕಾಡಿನ ವಿದ್ಯೆ ಹೇಳಿಕೊಟ್ಟವರಲ್ಲಿ ಮುಖ್ಯ ಹೆಸರು ಬೈರ, ಪೂಜಾರಿ ಬುಡಕಟ್ಟಿನವನು. ಇಬ್ಬರ ಪರಿಚಯವಾದದ್ದೇ ವಿಚಿತ್ರ. ಹೊಗೇನಕಲ್ ಬಳಿ ಕಾವೇರಿ ಸೇರುವ ಚಿನ್ನಾರ್ ಹೊಳೆಯ ದಡದಲ್ಲಿ ಬೈರ ಗುಂಡಿ ತೋಡಿ, ಹಳೇ ನಾಡಕೋವಿ ಪಕ್ಕದಲ್ಲಿಟ್ಟುಕೊಂಡು ಜಿಂಕೆಗೆ ಕಾದು ನಿದ್ದೆ ಹೋಗಿದ್ದ. ಅಲ್ಲೇ ಸಿಕ್ಕಿಬಿದ್ದ. ಆಂಡರ್ಸನ್ ಅವನನ್ನು ಪೊಲೀಸರಿಗೆ ಕೊಡಲಿಲ್ಲ. ಇಬ್ಬರೂ ಬಹಳ ಕಾಲದ ಗೆಳೆಯರಾದರು.

ಹಾಗಂತ ಕಳ್ಳಬೇಟೆಯನ್ನು ಅವರು ಒಪ್ಪಿದವರಲ್ಲ. ಬಡವನೊಬ್ಬ ಹೊಟ್ಟೆಗಾಗಿ ಒಂದು ಪ್ರಾಣಿ ಹೊಡೆಯೋದು ಬೇರೆ, ನೀರು ಕುಡಿಯಲು ಇಳಿದ, ಉಪ್ಪುಮಣ್ಣು ನೆಕ್ಕಲು ಬಂದ ಜಿಂಕೆ ಹಿಂಡಿಗೆ ಮರೆಯಲ್ಲಿ ಕೂತು ಗುಂಡು ಹಾರಿಸೋದು ಬೇರೆ. ಬೇಸಿಗೆಯಲ್ಲಿ ಕಾಡಲ್ಲಿ ನೀರು ಉಳಿಯೋದೇ ಒಂದೆರಡು ಕಡೆ. ಅಲ್ಲಿ ಕೂತರೆ ಎಲ್ಲ ಪ್ರಾಣಿಗಳೂ ಕೈಗೆ ಸಿಕ್ಕ ಹಾಗೆ. ಗಬ್ಬದ ಜಿಂಕೆ, ಮರಿ ಅಂತ ನೋಡೋರೂ ಇಲ್ಲ. ಜೀಪು, ಲಾರಿಯಲ್ಲಿ ಬಂದು ದೀಪ ಬಿಟ್ಟು ಹೊಡೆಯೋರ ಕಾಲ ಬಂದಾಗ ಅವರ ಸಿಟ್ಟು ಇನ್ನೂ ಹೆಚ್ಚಾಯ್ತು. ಹುಡುಗನಾಗಿದ್ದಾಗ ಜಿಂಕೆ ತುಂಬಿದ್ದ ಕಾಡುಗಳು ಬರಿದಾಗಿದ್ದನ್ನು ಪುಸ್ತಕಗಳಲ್ಲಿ ಮತ್ತೆ ಮತ್ತೆ ದುಃಖದಿಂದ ಬರೆದರು.

ನಮಗೆ ಮುಖ್ಯವಾದ ಮಾತು ಇಲ್ಲೇ ಇರೋದು. ಹುಲಿ, ಚಿರತೆ ಹುಟ್ಟಿನಿಂದ ನರಭಕ್ಷಕ ಅಲ್ಲ ಅನ್ನೋದು ಆಂಡರ್ಸನ್ ಅನುಭವ. ಅರೆಬರೆ ತಗುಲಿದ ಗುಂಡು, ಮುಳ್ಳುಹಂದಿ ಮುಳ್ಳಿನ ಗಾಯ, ಕಾಡಲ್ಲಿ ತಿನ್ನಲು ಏನೂ ಸಿಗದೇ ಇರೋದು ಇವೇ ಅದನ್ನು ಊರಿನ ಕಡೆ ತಿರುಗಿಸುತ್ತವೆ. ಜವಳಗಿರಿಯ ಹೆಣ್ಣುಹುಲಿ ಮನುಷ್ಯರ ಮೇಲೆ ಬಿದ್ದದ್ದೂ ಅದರ ಜೋಡಿಯನ್ನು ಕೊಂದು, ಅದನ್ನೂ ಗಾಯ ಮಾಡಿ ಬಿಟ್ಟ ಮೇಲೆಯೇ. ಅಂದರೆ ಎಷ್ಟೋ ಸಲ ಅವರು ಅಟ್ಟಣೆ ಹತ್ತಿದ್ದು ಬೇರೆ ಯಾರೋ ಮಾಡಿದ ತಪ್ಪನ್ನು ಸರಿ ಮಾಡೋಕೆ.

ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಕನ್ನಡಿಗರ ಮನೆಮನೆಗೆ ಈ ಕಥೆಗಳನ್ನು ಮುಟ್ಟಿಸಿದವರು ಪೂರ್ಣಚಂದ್ರ ತೇಜಸ್ವಿ. ‘ಮುನಿಶಾಮಿ ಮತ್ತು ಮಾಗಡಿ ಚಿರತೆ’, ‘ಜಾಲಹಳ್ಳಿಯ ಕುರ್ಕ’ ಓದಿದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಜಾಲಹಳ್ಳಿಯಲ್ಲಿ ಚಿರತೆ ಇತ್ತಾ ಅಂತ ಈಗಿನ ಮಕ್ಕಳು ನಗುತ್ತಾರೆ. ಇತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಎರಡು ವರ್ಷದ ನಂತರ, 1974ರ ಆಗಸ್ಟ್‌ನಲ್ಲಿ, ಕ್ಯಾನ್ಸರ್‌ನಿಂದ ಆಂಡರ್ಸನ್ ತೀರಿಕೊಂಡರು.

ಇವತ್ತು ಜಿಂಕೆ, ಕಡವೆ ಹೊಡೆಯೋದಷ್ಟೇ ಅಪರಾಧವಲ್ಲ. ಮಾಂಸ ಮಾರೋದು, ಕೊಳ್ಳೋದು, ಮನೆಯಲ್ಲೋ ಹೋಟೆಲಿನಲ್ಲೋ ಇಟ್ಟುಕೊಳ್ಳೋದೂ ಅಪರಾಧ. ಆದರೂ ಹಬ್ಬದ ಹೊತ್ತಿಗೆ ಕಾಡುಮಾಂಸ ಇದೆ, ಬೇಕಾ ಅಂತ ಗುಟ್ಟಾಗಿ ಕೇಳೋರು ಇದ್ದೇ ಇದ್ದಾರೆ. ಹಂದಿ, ಜಿಂಕೆಗೆ ಅಂತ ಬೇಲಿಯಲ್ಲಿ ಹಾಕಿದ ಉರುಳಿಗೆ ಚಿರತೆ ಬೀಳೋದೂ ನಿಂತಿಲ್ಲ. ಕೊಳ್ಳೋರು ಇರೋವರೆಗೆ ಹೊಡೆಯೋರು ಇರ್ತಾರೆ. ಕಾಡಿನ ಜಿಂಕೆ ನಮ್ಮ ತಟ್ಟೆಗೆ ಬಂದ್ರೆ, ಕಾಡಿನ ಚಿರತೆ ನಮ್ಮ ಕೊಟ್ಟಿಗೆಗೆ ಬರುತ್ತೆ.