ಸರ್ ಬ್ರಜೇಂದ್ರನಾಥ ಸೀಲ್ ಮತ್ತು ಮೈಸೂರಿನ ಪ್ರಜಾಪ್ರತಿನಿಧಿ ಸಭೆ

ಮೈಸೂರು ಸಂಸ್ಥಾನದ ಶಾಸನಸಭೆಗಳ ಇತಿಹಾಸದಲ್ಲಿ ಸರ್ ಬ್ರಜೇಂದ್ರನಾಥ ಸೀಲ್ ಅವರದು ವಿಶಿಷ್ಟವಾದ ಸ್ಥಾನ. ತತ್ತ್ವಶಾಸ್ತ್ರದ ಮಹಾವಿದ್ವಾಂಸರೆಂದು ಹೆಸರಾಗಿದ್ದ ಶ್ರೀಯುತರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಇಲ್ಲಿಗೆ ಬಂದವರು. ಮೊದಲನೆಯ ಮಹಾಯುದ್ಧವು ಮುಗಿದ ನಂತರದ ವರ್ಷಗಳಲ್ಲಿ, ತಾಲ್ಲೂಕುಗಳ ಜನರ ಅಹವಾಲು ಮತ್ತು ಸರ್ಕಾರದ ಮಸೂದೆ ಇವೆರಡೂ ಯಾವ ದಾರಿಯಲ್ಲಿ ಸಭೆ ಸಮಿತಿಗಳನ್ನು ಮುಟ್ಟಬೇಕೆಂಬುದನ್ನು ಶಾಸನದ ಮೂಲಕ ಗೊತ್ತುಪಡಿಸುವ ಕಾರ್ಯ ಅವರ ಪಾಲಿಗೆ ಬಂದಿತು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡಿನಂತಹ ಊರುಗಳ ಸಾಮಾನ್ಯ ರೈತನಿಗೆ ಅವರ ಹೆಸರು ತಿಳಿದಿದ್ದಿರಲಾರದು. ಆದರೆ ಆ ರೈತನ ಮಾತು ಕಾನೂನು ಮಾಡುವವರ ಕಿವಿಯನ್ನು ತಲುಪುವ ಬಗೆಯಲ್ಲಿ ಆದ ಬದಲಾವಣೆಯಲ್ಲಿ ಅವರ ಪಾತ್ರ ದೊಡ್ಡದು.

ಬ್ರಜೇಂದ್ರನಾಥರು 1864ರ ಸೆಪ್ಟೆಂಬರ್ 3ರಂದು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಮಹೇಂದ್ರನಾಥ ಸೀಲರು ವಕೀಲರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಬಡತನದಲ್ಲಿ ಬೆಳೆಯಬೇಕಾಯಿತು. ಕಲ್ಕತ್ತೆಯ ಜನರಲ್ ಅಸೆಂಬ್ಲೀಸ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಓದುತ್ತಿದ್ದಾಗ, ಮುಂದೆ ಸ್ವಾಮಿ ವಿವೇಕಾನಂದರೆಂದು ಪ್ರಖ್ಯಾತರಾದ ನರೇಂದ್ರನಾಥ ದತ್ತರು ಅವರ ಸಹಪಾಠಿಗಳಾಗಿದ್ದರು. 1884ರಲ್ಲಿ ಎಂ.ಎ. ಪದವಿ ಪಡೆದು ಅಧ್ಯಾಪನ ವೃತ್ತಿಯನ್ನು ಹಿಡಿದರು. 1896ರಿಂದ ಕೂಚ್ ಬಿಹಾರದ ವಿಕ್ಟೋರಿಯಾ ಕಾಲೇಜಿನ ಪ್ರಾಂಶುಪಾಲರಾಗಿ ಬಹುಕಾಲ ಸೇವೆ ಸಲ್ಲಿಸಿದ ಮೇಲೆ ಕಲ್ಕತ್ತ ವಿಶ್ವವಿದ್ಯಾನಿಲಯದ ಐದನೆಯ ಜಾರ್ಜ್ ತತ್ತ್ವಶಾಸ್ತ್ರ ಪೀಠವನ್ನು ಅಲಂಕರಿಸಿದರು. 1899ರಲ್ಲಿ ರೋಮ್ ನಗರದ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿಯೂ 1911ರಲ್ಲಿ ಲಂಡನ್ನಿನ ವಿಶ್ವ ಜನಾಂಗಗಳ ಸಮ್ಮೇಳನದಲ್ಲಿಯೂ ಭಾಗವಹಿಸಿದರು. ಪ್ರಾಚೀನ ಹಿಂದೂಗಳ ವಿಜ್ಞಾನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1915ರಲ್ಲಿ ಪ್ರಕಟವಾಯಿತು.

1921ರಲ್ಲಿ ಅವರು ಮೈಸೂರಿಗೆ ಬಂದರು. ಎಚ್.ವಿ. ನಂಜುಂಡಯ್ಯನವರ ನಂತರ ವಿಶ್ವವಿದ್ಯಾನಿಲಯದ ಎರಡನೆಯ ಕುಲಪತಿಗಳು ಅವರೇ. ಅವರು ಬಿಟ್ಟುಬಂದ ಕಲ್ಕತ್ತೆಯ ಪೀಠಕ್ಕೆ ಅದೇ ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಹೋದವರು ಡಾ. ಎಸ್. ರಾಧಾಕೃಷ್ಣನ್. ಎರಡು ವಿಶ್ವವಿದ್ಯಾನಿಲಯಗಳ ನಡುವಿನ ಈ ವಿನಿಮಯದಲ್ಲಿ ಯಾರಿಗೂ ನಷ್ಟವಾಗಲಿಲ್ಲವೆನ್ನಬಹುದು.

ಅವರು ಬಂದಾಗ ಸಂಸ್ಥಾನವು ಯುದ್ಧದ ಪರಿಣಾಮಗಳಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಮೈಸೂರಿನ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ಕದನದಲ್ಲಿ ಕೀರ್ತಿ ಗಳಿಸಿತ್ತು. ಆದರೆ ಊರಿನಲ್ಲಿ ಉಳಿದವರ ಪಾಲಿಗೆ ಆ ವರ್ಷ ಧಾನ್ಯದ ಬೆಲೆಯೇರಿಕೆ ಮತ್ತು ಇನ್‌ಫ್ಲುಯೆಂಜಾ ಜ್ವರದ ವರ್ಷವಾಗಿತ್ತು. 1919ರ ಸುಧಾರಣೆಗಳಿಂದ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಕೆಲವು ಇಲಾಖೆಗಳು ಚುನಾಯಿತ ಮಂತ್ರಿಗಳ ಕೈಗೆ ಬಂದುವು. ಪ್ರಾತಿನಿಧಿಕ ಸಭೆಯನ್ನು ಅವೆಲ್ಲಕ್ಕಿಂತ ಮೊದಲೇ ಕಂಡಿದ್ದ ಮೈಸೂರಿನಲ್ಲಿ, ನಮ್ಮಲ್ಲಿ ಮುಂದೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಆ ಪ್ರಶ್ನೆಯ ಹಿನ್ನೆಲೆಯನ್ನು ಇಲ್ಲಿ ವಿವರಿಸುವುದು ಅವಶ್ಯಕ. ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಆಗಸ್ಟ್ 25ರ ಆಜ್ಞೆಯ ಮೇರೆಗೆ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿ, ಅದೇ ಅಕ್ಟೋಬರ್ 7ರಂದು ದಸರಾ ಸಂದರ್ಭದಲ್ಲಿ 144 ಸದಸ್ಯರೊಡನೆ ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿತು. ಆರಂಭದಲ್ಲಿ ಸದಸ್ಯರು ನೇಮಕಗೊಂಡವರು. 1891ರಿಂದ ಚುನಾವಣೆ ಬಂದಿತು. ದಿವಾನರು ಆಡಳಿತದ ವರದಿಯನ್ನು ಓದುವರು, ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವರು, ಸರ್ಕಾರ ಉತ್ತರಿಸುವುದು. ಸಭೆಯ ಕಾರ್ಯವೈಖರಿ ಇಷ್ಟೇ ಆಗಿತ್ತು.

ಹಳೇಬೀಡು ಹೋಬಳಿಯ ಕೆರೆಯೊಂದರ ತೂಬು ಕೆಟ್ಟಿತೆಂದಿಟ್ಟುಕೊಳ್ಳೋಣ. ಗ್ರಾಮಸ್ಥರು ಶ್ಯಾನುಭೋಗರಿಂದ ಅರ್ಜಿ ಬರೆಸಿ ಬೇಲೂರಿನ ತಾಲ್ಲೂಕು ಕಚೇರಿಗೆ ಸಲ್ಲಿಸುವರು. ಅಮಲ್ದಾರರ ಷರಾದೊಡನೆ ಅದು ಹಾಸನದ ಡೆಪ್ಯುಟಿ ಕಮೀಷನರರ ಕಚೇರಿಗೆ ಹೋಗುವುದು. ಅಲ್ಲಿಂದ ಮುಂದಕ್ಕೆ ಅದರ ಗತಿಯನ್ನು ಗ್ರಾಮಸ್ಥರು ತಿಳಿಯುವುದು ಕಷ್ಟ. ತಾಲ್ಲೂಕಿನ ಪ್ರತಿನಿಧಿ ಅದೇ ವಿಷಯವನ್ನು ದಸರಾ ಅಧಿವೇಶನದಲ್ಲಿ ಎತ್ತಿದರೆ ದಿವಾನರೇ ಉತ್ತರ ಹೇಳಬೇಕಾಗುತ್ತಿತ್ತು. ಆ ಉತ್ತರ ಸಭೆಯ ನಡವಳಿಯಲ್ಲಿ ಅಚ್ಚಾಗುತ್ತಿತ್ತು. ತೆಂಗಿನ ತೋಟಗಳೂ ಒಣಭೂಮಿಯೂ ಹೆಚ್ಚಾಗಿರುವ ಅರಸೀಕೆರೆಯ ಕಡೆಯವರಿಗೆ ಕೆರೆ ಬಾವಿಗಳ ಚಿಂತೆ. ಮಲೆನಾಡಿನ ಅಂಚಿನ ಬೇಲೂರಿನ ಕಡೆಯವರಿಗೆ ರಸ್ತೆ, ಕಾಡು, ಮಲೇರಿಯಾ ಜ್ವರಗಳ ಚಿಂತೆ. 1918ರಲ್ಲಿ ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ರೈಲುಮಾರ್ಗವು ಸಿದ್ಧವಾದುದರಿಂದ ಈ ಭಾಗದ ಪ್ರತಿನಿಧಿಗಳಿಗೆ ಸಭೆಗೆ ಹೋಗಿಬರುವ ಶ್ರಮ ಕಡಿಮೆಯಾಯಿತು. ಬೇಲೂರು, ಹಳೇಬೀಡಿನವರು ಮಾತ್ರ ಹಾಸನದವರೆಗೋ ಅರಸೀಕೆರೆಯವರೆಗೋ ರಸ್ತೆಯಲ್ಲಿಯೇ ಬರಬೇಕಾಗಿತ್ತು.

ಆದರೆ ಈ ವ್ಯವಸ್ಥೆಯಲ್ಲಿ ಎರಡು ಮುಖ್ಯ ಲೋಪಗಳಿದ್ದುವು. ಸಭೆಗೆ ಶಾಸನದ ಆಧಾರವಿರಲಿಲ್ಲ. ಸರ್ಕಾರದ ಆಜ್ಞೆಯಿಂದ ಬಂದುದು ಮತ್ತೊಂದು ಆಜ್ಞೆಯಿಂದ ಹೋಗಬಹುದಾಗಿತ್ತು. ಎರಡನೆಯದು ಇನ್ನೂ ಗಂಭೀರವಾದುದು. ಕೆರೆಯ ತೂಬಿನ ಬಗ್ಗೆ ಅರಿಕೆ ಮಾಡಿಕೊಳ್ಳಬಹುದಾಗಿದ್ದ ಪ್ರತಿನಿಧಿಗೆ, ಕೆರೆಯ ನೀರಿನ ಮೇಲೆ ಕಂದಾಯ ವಿಧಿಸುವ ಕಾನೂನಿನ ಬಗ್ಗೆ ಮುಂಚಿತವಾಗಿ ಅಭಿಪ್ರಾಯ ಹೇಳುವ ಹಕ್ಕು ಇರಲಿಲ್ಲ. ಕಾನೂನು ರಚಿಸಲು 1907ರಲ್ಲಿ ನ್ಯಾಯವಿಧಾಯಕ ಸಭೆ ಬೇರೆಯಾಗಿ ಸ್ಥಾಪಿತವಾಯಿತು. ಅದರಲ್ಲಿ ಪ್ರಜಾಪ್ರತಿನಿಧಿ ಸಭೆ ಆರಿಸಿ ಕಳುಹಿಸಿದ ಸದಸ್ಯರು ಮೊದಲಲ್ಲಿ ಇಬ್ಬರೇ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಆಯವ್ಯಯದ ಚರ್ಚೆ, ಪ್ರಶ್ನೆ ಕೇಳುವ ಹಕ್ಕು, ವರ್ಷದ ಎರಡನೆಯ ಅಧಿವೇಶನ ಮೊದಲಾದ ಸುಧಾರಣೆಗಳಾದರೂ ಜನರು ಅಹವಾಲು ಹೇಳುವ ಸಭೆಯೇ ಬೇರೆ, ಕಾನೂನು ಮಾಡುವ ಸಭೆಯೇ ಬೇರೆ ಎಂಬ ಸ್ಥಿತಿ ಮುಂದುವರಿಯಿತು.

ದಿವಾನ್ ಎ.ಆರ್. ಬ್ಯಾನರ್ಜಿಯವರ ಕಾಲದಲ್ಲಿ, 1922ರ ದಸರಾ ಅಧಿವೇಶನದ ಸಂದರ್ಭದಲ್ಲಿ, ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರವು ರಾಜ್ಯಾಂಗ ಸುಧಾರಣೆಯ ಸ್ಥೂಲರೂಪವನ್ನು ಪ್ರಕಟಿಸಿತು. ಅದರ ವಿವರಗಳನ್ನು ಸಿದ್ಧಪಡಿಸಲು ನೇಮಕವಾದ ಸಮಿತಿಗೆ ಬ್ರಜೇಂದ್ರನಾಥ ಸೀಲರು ಅಧ್ಯಕ್ಷರಾದರು. ಸಮಿತಿ 1923ರ ಮಾರ್ಚ್ ತಿಂಗಳಲ್ಲಿ ವರದಿ ಸಲ್ಲಿಸಿತು. ತತ್ತ್ವಶಾಸ್ತ್ರಜ್ಞರೊಬ್ಬರ ವರದಿಯಾದುದರಿಂದ ಅದು ಕೇವಲ ನಿಯಮಗಳ ಪಟ್ಟಿಯಾಗಲಿಲ್ಲ. ಲೋಕದ ನಾನಾ ರಾಜ್ಯಾಂಗಗಳನ್ನು ತೂಗಿ ನೋಡಿ, ಇಂಗ್ಲೆಂಡಿನ ಎರಡು ಮನೆಗಳ ಪದ್ಧತಿಯನ್ನು ಹಾಗೆಯೇ ಇಲ್ಲಿ ನೆಡುವುದು ತರವಲ್ಲವೆಂಬ ನಿಲುವನ್ನು ಅವರು ತಳೆದರು. ಪ್ರಜಾಪ್ರತಿನಿಧಿ ಸಭೆ ಕೆಳಮನೆಯಲ್ಲ, ನ್ಯಾಯವಿಧಾಯಕ ಸಭೆ ಮೇಲ್ಮನೆಯೂ ಅಲ್ಲ. ಮೊದಲನೆಯದು ಜನರ ಅಭಿಪ್ರಾಯವನ್ನು ವ್ಯಕ್ತಪಡಿಸುವ ದೊಡ್ಡ ಸಭೆ. ಎರಡನೆಯದು ಕೂತು ವಿಮರ್ಶಿಸಿ ಕಾನೂನನ್ನು ರೂಪಿಸುವ ಚಿಕ್ಕ ಸಭೆ. ಎರಡಕ್ಕೂ ಸಂಬಂಧ ಕಲ್ಪಿಸುವುದು ಅವರ ಯೋಜನೆಯ ತಿರುಳಾಗಿತ್ತು.

ವರದಿಯನ್ನು ಪರಿಶೀಲಿಸಿದ ಸರ್ಕಾರ 1923ರಲ್ಲಿಯೇ ಎರಡು ರೆಗ್ಯುಲೇಷನ್ನುಗಳನ್ನು ಹೊರಡಿಸಿತು. ಪ್ರಜಾಪ್ರತಿನಿಧಿ ಸಭೆಗೆ ಸ್ಥಾಪನೆಯಾದ 42 ವರ್ಷಗಳ ನಂತರ ಶಾಸನದ ಆಧಾರ ದೊರೆಯಿತು. ಅದರ ಸದಸ್ಯಬಲ ಸುಮಾರು 250. ನ್ಯಾಯವಿಧಾಯಕ ಸಭೆಯದು 50. ಮತದಾರರ ಆಸ್ತಿ ಅರ್ಹತೆಯನ್ನು ತಗ್ಗಿಸಲಾಯಿತು. ಅರ್ಹತೆಯುಳ್ಳ ಮಹಿಳೆಯರಿಗೂ ಮತ ನೀಡುವ ಹಕ್ಕು ಬಂದಿತು. ಅಲ್ಪಸಂಖ್ಯಾತರಿಗೂ ಹಿಂದುಳಿದ ವರ್ಗಗಳಿಗೂ ಪ್ರಾತಿನಿಧ್ಯ ಕಲ್ಪಿಸಲಾಯಿತು. ಆದಾಗ್ಯೂ ಭೂಕಂದಾಯ ತೆರದ ಕೂಲಿಕಾರರು, ಗೇಣಿದಾರರು ಮತದಾರರ ಪಟ್ಟಿಯ ಹೊರಗೇ ಉಳಿದರೆಂಬುದನ್ನು ಮರೆಯುವಂತಿಲ್ಲ.

ಮಸೂದೆಯೊಂದರ ಮಾರ್ಗವೂ ಇದರಿಂದ ಬದಲಾಯಿತು. ತುರ್ತು ಸಂದರ್ಭಗಳನ್ನು ಬಿಟ್ಟರೆ, ಯಾವುದೇ ಮಸೂದೆಯನ್ನು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮುನ್ನ ಅದರ ಸಾಮಾನ್ಯ ತತ್ತ್ವಗಳನ್ನು ಪ್ರಜಾಪ್ರತಿನಿಧಿ ಸಭೆಯ ಮುಂದಿಟ್ಟು ಅಭಿಪ್ರಾಯ ಪಡೆಯಬೇಕಾಯಿತು. ಹೊಸ ತೆರಿಗೆಗಳ ವಿಷಯದಲ್ಲಿಯೂ ಹಾಗೆಯೇ. ಅಂದರೆ ಅರಸೀಕೆರೆ ಅಥವಾ ಬೇಲೂರಿನ ಪ್ರತಿನಿಧಿ ಕಾನೂನು ಹುಟ್ಟುವ ಮೊದಲೇ ಅದರ ಬಗ್ಗೆ ಮಾತನಾಡಬಹುದಾಯಿತು. ಅನಂತರ ಮಸೂದೆ ನ್ಯಾಯವಿಧಾಯಕ ಸಭೆಗೆ ಹೋಗುವುದು. ಅಲ್ಲಿ ಸೆಲೆಕ್ಟ್ ಕಮಿಟಿಯೆಂದು ಕರೆಯುವ ಪರಿಶೀಲನಾ ಸಮಿತಿ ಅದನ್ನು ವಿಧಿ ವಿಧಿಯಾಗಿ ನೋಡುವುದು. ಸಭೆ ಅಂಗೀಕರಿಸಿದ ಮೇಲೆ ಮಹಾರಾಜರ ಒಪ್ಪಿಗೆ ಬೀಳುವುದು. ಆಯವ್ಯಯದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ನ್ಯಾಯವಿಧಾಯಕ ಸಭೆಗೆ ದೊರೆಯಿತು. ಇದರ ಜೊತೆಗೆ ಎರಡೂ ಸಭೆಗಳ ಸದಸ್ಯರನ್ನು ಒಳಗೊಂಡ ಸ್ಥಾಯಿ ಸಲಹಾ ಸಮಿತಿಗಳು ಏರ್ಪಟ್ಟುವು. ಸ್ಥಳೀಯ ಸ್ವಯಮಾಡಳಿತ, ವೈದ್ಯ ಮತ್ತು ಆರೋಗ್ಯ ಇಲಾಖೆಗಳಿಗೆ ಒಂದು. ರೈಲ್ವೆ, ವಿದ್ಯುತ್ ಮತ್ತು ಮರಾಮತ್ತು ಇಲಾಖೆಗಳಿಗೆ ಒಂದು. ಹಣಕಾಸು ಮತ್ತು ತೆರಿಗೆಗೆ ಒಂದು. ಹಿಂದೆ ವರ್ಷಕ್ಕೊಮ್ಮೆ ದಸರೆಯಲ್ಲಿ ಉತ್ತರ ಪಡೆದು ಸುಮ್ಮನಾಗುತ್ತಿದ್ದ ಆಸ್ಪತ್ರೆಯ ಅಥವಾ ರಸ್ತೆಯ ಪ್ರಶ್ನೆಯನ್ನು ಜನಪ್ರತಿನಿಧಿಗಳಿರುವ ಸಮಿತಿಯಲ್ಲಿ ಹಿಡಿದು ವಿಚಾರಿಸಲು ಇದರಿಂದ ಅವಕಾಶವಾಯಿತು.

ಸುಧಾರಿತ ಸಭೆಗಳನ್ನು ಮಹಾರಾಜರು 1924ರ ಮಾರ್ಚ್ ತಿಂಗಳಲ್ಲಿ ಉದ್ಘಾಟಿಸಿದರು. 1926ರಲ್ಲಿ ಜಿಲ್ಲಾ ಬೋರ್ಡುಗಳ ಮತ್ತು ಗ್ರಾಮ ಪಂಚಾಯಿತಿಗಳ ಕಾನೂನುಗಳು ಜಾರಿಗೆ ಬಂದುವು. ಹೊಸ ಏರ್ಪಾಡಿನ ಶಕ್ತಿಯನ್ನು ಇನ್ನೂ ಚೆನ್ನಾಗಿ ತೋರಿಸುವುದು 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾನೂನು. ಸ್ತ್ರೀಯರ ಆಸ್ತಿಹಕ್ಕಿನ ಬೇಡಿಕೆ ಸಾರ್ವಜನಿಕವಾಗಿ ಬೆಳೆದು, ನ್ಯಾಯಮೂರ್ತಿ ಕೆ.ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿಯ ಪರಿಶೀಲನೆಗೆ ಒಳಗಾಗಿ, ಸಭೆಗಳಲ್ಲಿ ಚರ್ಚಿತವಾಗಿ ಕಾನೂನಾಯಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾನೂನು ಬಂದುದು ಅದಕ್ಕೆ ನಾಲ್ಕು ವರ್ಷಗಳ ನಂತರ, 1937ರಲ್ಲಿ.

ಸೀಲರ ಯೋಜನೆಯ ಮಿತಿಯನ್ನೂ ಹೇಳಲೇಬೇಕು. ಪ್ರಜಾಪ್ರತಿನಿಧಿ ಸಭೆ ಅಭಿಪ್ರಾಯ ಹೇಳಬಹುದಾಗಿತ್ತು. ಆ ಅಭಿಪ್ರಾಯಕ್ಕೆ ಸರ್ಕಾರ ಬದ್ಧವಾಗಿರಲಿಲ್ಲ. ದಿವಾನರು ಎರಡೂ ಸಭೆಗಳ ಅಧ್ಯಕ್ಷರಾಗಿ ಮುಂದುವರಿದರು. ಅವರು ಜವಾಬ್ದಾರರಾಗಿದ್ದುದು ಮಹಾರಾಜರಿಗೆ, ಸಭೆಗಳಿಗಲ್ಲ. ಜವಾಬ್ದಾರಿ ಸರ್ಕಾರದ ಪ್ರಶ್ನೆ ಸಮಿತಿಗೆ ಒಪ್ಪಿಸಿದ ಕೆಲಸದ ಹೊರಗಿತ್ತೆಂಬುದು ನಿಜ. ಆದರೂ ಕೇಳಿಸಿಕೊಳ್ಳುವ ಸರ್ಕಾರಕ್ಕೂ ಉತ್ತರದಾಯಿಯಾದ ಸರ್ಕಾರಕ್ಕೂ ಇರುವ ಅಂತರವನ್ನು ಮುಂದಿನ ಪೀಳಿಗೆ ಸಹಿಸಲಿಲ್ಲ. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲೀಬಾರು ನಡೆದುದು ಈ ಅಸಮಾಧಾನದ ಹಿನ್ನೆಲೆಯಲ್ಲಿಯೇ.

ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಸೀಲರು 1930ರವರೆಗೆ ದುಡಿದರು. ಅವರ ಅವಧಿಯಲ್ಲಿ, 1924ರಲ್ಲಿ, ವೈದ್ಯಕೀಯ ಕಾಲೇಜು ಆರಂಭವಾಯಿತು. 1927ರಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಯಿತು. ಆ ಮೊದಲ ತಂಡದಲ್ಲಿ ಓದಿದವರಲ್ಲಿ ಕುವೆಂಪು ಅವರೂ ಒಬ್ಬರು. 1926ರಲ್ಲಿ ಬ್ರಿಟಿಷ್ ಸರ್ಕಾರ ಸೀಲರಿಗೆ ಸರ್ ಪದವಿಯನ್ನು ನೀಡಿತು. ಮೈಸೂರು ಅರಮನೆಯಿಂದ ರಾಜತಂತ್ರಪ್ರವೀಣ ಎಂಬ ಬಿರುದು ಸಂದಿತು. ಅನಾರೋಗ್ಯದಿಂದ ನಿವೃತ್ತರಾಗಿ ಕಲ್ಕತ್ತೆಗೆ ಮರಳಿದ ಅವರು 1938ರ ಡಿಸೆಂಬರ್ 3ರಂದು ನಿಧನರಾದರು. ತಾವು ರೂಪಿಸಿದ ಏರ್ಪಾಡನ್ನು ಪುನರ್ವಿಮರ್ಶೆ ಮಾಡಲು ಮೈಸೂರು ಸರ್ಕಾರ ಮತ್ತೊಂದು ಸಮಿತಿಯನ್ನು ನೇಮಿಸಿದುದು ಅದೇ ವರ್ಷ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಮೈಸೂರು ಚಲೋ ಚಳವಳಿಯ ಫಲವಾಗಿ 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರ ರಚಿತವಾಯಿತು. 1949ರ ಡಿಸೆಂಬರ್ 16ರಂದು ಪ್ರಜಾಪ್ರತಿನಿಧಿ ಸಭೆ ಮತ್ತು ನ್ಯಾಯವಿಧಾಯಕ ಸಭೆ ವಿಸರ್ಜನೆಗೊಂಡುವು. ವಯಸ್ಕ ಮತದಾನದಿಂದ ಆಯ್ಕೆಯಾದ ಮೊದಲ ವಿಧಾನಸಭೆ 1952ರ ಜೂನ್ 18ರಂದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಸೇರಿತು. ಇಂದು ಅರಸೀಕೆರೆ ಮತ್ತು ಬೇಲೂರು ಎರಡೂ ವಿಧಾನಸಭಾ ಕ್ಷೇತ್ರಗಳು. ಹಳೇಬೀಡು ಬೇಲೂರು ಕ್ಷೇತ್ರಕ್ಕೆ ಸೇರಿದೆ. ವಿಧಾನಸಭೆ ಮತ್ತು ವಿಧಾನಪರಿಷತ್ತುಗಳಲ್ಲಿ ಸಾರ್ವಜನಿಕರ ಮನವಿಗಳನ್ನು ಪರಿಶೀಲಿಸಲು ಅರ್ಜಿಗಳ ಸಮಿತಿಗಳಿವೆ. ಆ ಕ್ಷೇತ್ರಗಳ ಮತದಾರರು ತಮ್ಮ ಶಾಸಕರ ಮೂಲಕ ಸದನಕ್ಕೆ ಸಲ್ಲಿಸುವ ಅರ್ಜಿಗಳು ಈ ಸಮಿತಿಗಳ ಮುಂದೆ ಬರುತ್ತವೆ.